ಜಕಣನಿಗೆ ಬಣ್ಣ ಕೊಟ್ಟ ರಂಗ

ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಗೈಡುಗಳು ಹಿಡಿಯುವ ದಾರಿ ಹೆಚ್ಚುಕಡಿಮೆ ಒಂದೇ. ದರ್ಪಣಸುಂದರಿ, ಶುಕಭಾಷಿಣಿ, ಒಳಗೆ ಶಾಂತಲೆ ಕುಣಿದಳು ಎನ್ನುವ ದುಂಡು ಜಗಲಿ, ನರಸಿಂಹ ಕಂಬ, ಕೊನೆಗೆ ಪಕ್ಕದ ಕಪ್ಪೆ ಚೆನ್ನಿಗರಾಯ. ಅಲ್ಲಿಗೆ ಬಂದಾಗ ಅವರ ದನಿಗೆ ಬೇರೆಯೇ ಕಳೆ ಬರುತ್ತದೆ. ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ಎಲ್ಲಿಂದಲೋ ಬಂದ ಹುಡುಗ ಹೇಳಿದ. ತೋರಿಸಿಕೊಟ್ಟರೆ ಕೈಯನ್ನೇ ಕತ್ತರಿಸಿಕೊಳ್ಳುತ್ತೇನೆ ಎಂದ ಶಿಲ್ಪಿ ಜಕಣಾಚಾರಿ. ಮೈಗೆಲ್ಲ ಗಂಧ ಬಳಿದರು. ಎಲ್ಲ ಕಡೆ ಆರಿತು, ಹೊಕ್ಕುಳ ಬಳಿ ಮಾತ್ರ ಆರಲಿಲ್ಲ. ಉಳಿಯಿಟ್ಟು ಸೀಳಿದರೆ ಒಳಗೆ ನೀರು, ಮರಳು, ಒಂದು ಜೀವಂತ ಕಪ್ಪೆ. ಶಿಲ್ಪಿ ಆಡಿದ ಮಾತು ಉಳಿಸಿಕೊಂಡ. ಆಮೇಲೆ ತಿಳಿಯಿತು, ಆ ಹುಡುಗ ಡಂಕಣ, ತಾನೇ ಬಿಟ್ಟುಬಂದ ಹೆಂಡತಿಯ ಮಗ.

ಕಥೆ ಹಳೆಯದು, ಊರೂರಿನ ಅಜ್ಜಿಯರ ಬಾಯಲ್ಲಿ ಇದ್ದದ್ದು. ಆದರೂ ಅರವತ್ತು ದಾಟಿದ ಯಾರನ್ನಾದರೂ ಜಕಣಾಚಾರಿ ನೋಡಲು ಹೇಗಿದ್ದ ಎಂದು ಕೇಳಿ. ಅವರ ಕಣ್ಣಿಗೆ ಬರುವುದು ಕಲ್ಯಾಣ್‌ಕುಮಾರ್ ಮುಖ. ಅವನ ನಲ್ಲೆ ಎಂದರೆ ಬಿ. ಸರೋಜಾದೇವಿ. 1964ರ ‘ಅಮರಶಿಲ್ಪಿ ಜಕಣಾಚಾರಿ’ ಚಿತ್ರ ಅಜ್ಜಿಕಥೆಗೆ ಮುಖ ಕೊಟ್ಟಿತು, ಹಾಡು ಕೊಟ್ಟಿತು, ಕನ್ನಡ ಚಿತ್ರರಂಗಕ್ಕೆ ಮೊದಲ ಬಾರಿಗೆ ಉದ್ದಕ್ಕೂ ಬಣ್ಣವನ್ನೂ ಕೊಟ್ಟಿತು. ಅದೇ ಅರವತ್ತು ದಾಟಿದವರಿಗೆ ಆ ಚಿತ್ರ ಮಾಡಿದವರು ಯಾರು ಎಂದು ಇನ್ನೊಂದು ಪ್ರಶ್ನೆ ಹಾಕಿದರೆ ಪಂತುಲು ಎನ್ನುವವರಿದ್ದಾರೆ, ಹುಣಸೂರು ಕೃಷ್ಣಮೂರ್ತಿ ಎನ್ನುವವರಿದ್ದಾರೆ. ಬಿ.ಎಸ್. ರಂಗ ಎನ್ನುವವರು ಕಡಿಮೆ.

ಇದು ಮರೆವಿನ ತಪ್ಪು ಎಂದು ಬಿಟ್ಟುಬಿಡಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ರಂಗ ಮಾಡಿದ ಕೆಲಸದ ಬಗೆಯಲ್ಲೇ ಈ ಮರೆವಿನ ಕಾರಣವೂ ಇದೆ.

ಬಿಂಡಿಗನವಿಲೆ ಮೂಲದ, ಮಾಗಡಿಯಲ್ಲಿ ಹುಟ್ಟಿದ ರಂಗ ಸಿನಿಮಾಕ್ಕೆ ಬಂದದ್ದು ನಾಟಕದ ಕಂಪನಿಯಿಂದಲ್ಲ. ಅವರ ತಲೆಮಾರಿನ ಕನ್ನಡ ಚಿತ್ರರಂಗದ ಮುಕ್ಕಾಲು ಪಾಲು ಗುಬ್ಬಿ ಕಂಪನಿಯ ಬಣ್ಣದ ಮನೆಯಿಂದ ಎದ್ದುಬಂದದ್ದು. ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು, ಪಂತುಲು, ಎಲ್ಲರಿಗೂ ರಂಗಭೂಮಿಯೇ ತವರು. ರಂಗ ಅವರ ಹೆಸರಿನಲ್ಲಿ ಮಾತ್ರ ರಂಗ. ಕಲಿತದ್ದೆಲ್ಲ ಕ್ಯಾಮೆರಾದ ಹಿಂದೆ. ಹದಿಹರೆಯದಲ್ಲೇ ಸ್ಥಿರಚಿತ್ರ ತೆಗೆಯುವ ಹುಚ್ಚು ಹಿಡಿಯಿತು. ಬೊಂಬಾಯಿಯಲ್ಲಿ ಕೆಲಸ ಕಲಿತರು, 1940ರ ದಶಕದಲ್ಲಿ ಮದ್ರಾಸಿನ ತಮಿಳು, ತೆಲುಗು ಚಿತ್ರಗಳಿಗೆ ಛಾಯಾಗ್ರಾಹಕರಾದರು. ನಿರ್ದೇಶಕನ ಕುರ್ಚಿಯಲ್ಲಿ ಕೂತದ್ದು 1954ರಲ್ಲಿ, ‘ಮಾ ಗೋಪಿ’ ಎಂಬ ತೆಲುಗು ಚಿತ್ರಕ್ಕೆ. ಆ ಹೊತ್ತಿಗೆ ವಿಕ್ರಂ ಪ್ರೊಡಕ್ಷನ್ಸ್ ಎಂಬ ಸ್ವಂತ ಸಂಸ್ಥೆ ಇತ್ತು. ಮುಂದೆ ಅದೇ ಹೆಸರಿನ ಸ್ಟುಡಿಯೊವನ್ನೂ ಕಟ್ಟಿದರು. ಕ್ಯಾಮೆರಾ, ನಿರ್ದೇಶನ, ನಿರ್ಮಾಣ, ಸ್ಟುಡಿಯೊ, ಲ್ಯಾಬೊರೇಟರಿ: ಸಿನಿಮಾ ಎಂಬ ಉದ್ಯಮದಲ್ಲಿ ಎಷ್ಟು ಬಾಗಿಲುಗಳಿವೆಯೋ ಅಷ್ಟನ್ನೂ ತಟ್ಟಿ ಒಳಹೊಕ್ಕವರು ಅವರು.

1956ರ ‘ತೆನಾಲಿ ರಾಮಕೃಷ್ಣ’ ಅವರಿಗೆ ದೇಶದ ಮಟ್ಟದಲ್ಲಿ ಹೆಸರು ತಂದಿತು. ಅದು ತಯಾರಾದ ರೀತಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು, ರಂಗ ಅವರ ಇಡೀ ವೃತ್ತಿಜೀವನದ ಗುಟ್ಟು ಅಲ್ಲಿದೆ. ತೆಲುಗಿನಲ್ಲಿ ರಾಮಕೃಷ್ಣನಾಗಿ ಅಕ್ಕಿನೇನಿ ನಾಗೇಶ್ವರರಾವ್, ಕೃಷ್ಣದೇವರಾಯನಾಗಿ ಎನ್.ಟಿ. ರಾಮರಾವ್. ಅದೇ ವರ್ಷ ತಮಿಳಿನಲ್ಲಿ ‘ತೆನಾಲಿ ರಾಮನ್’. ಅಲ್ಲಿಯೂ ರಾಯ ಎನ್‌ಟಿಆರ್, ಕೃಷ್ಣಸಾನಿಯಾಗಿ ಅಲ್ಲಿಯೂ ಭಾನುಮತಿ, ಆದರೆ ರಾಮನ್ ಮಾತ್ರ ಶಿವಾಜಿ ಗಣೇಶನ್. ಸಿಂಹಾಸನ ಒಂದೇ, ರಾಜ ಒಬ್ಬನೇ, ದೀಪ ಇಟ್ಟ ಜಾಗವೂ ಒಂದೇ. ಮುಂದೆ ನಿಂತು ಚಮತ್ಕಾರದ ಮಾತಾಡುವ ಕವಿ ಬೇರೆ, ಅವನ ಭಾಷೆ ಬೇರೆ.

ದ್ವಿಭಾಷಾ ಚಿತ್ರೀಕರಣ ಎಂದರೆ ಇಂದಿನವರಿಗೆ ಡಬ್ಬಿಂಗ್ ನೆನಪಾಗುತ್ತದೆ. ಆಗಿನದು ಬೇರೆ ಲೆಕ್ಕ. ಒಂದು ಶಾಟ್ ತೆಲುಗಿನಲ್ಲಿ ಮುಗಿದ ಮೇಲೆ ಕ್ಯಾಮೆರಾ, ಲೈಟು ಅಲ್ಲಾಡಿಸದೆ ತಮಿಳಿನ ನಟ ಬಂದು ನಿಲ್ಲುತ್ತಿದ್ದ. ಅಥವಾ ಸೆಟ್ ಕೆಡವುವ ಮೊದಲು ಇನ್ನೊಂದು ಭಾಷೆಯ ದೃಶ್ಯಗಳನ್ನು ಸಾಲಾಗಿ ಮುಗಿಸುತ್ತಿದ್ದರು. ಸೆಟ್ಟಿನ ಖರ್ಚು ಎರಡು ಚಿತ್ರಗಳಿಗೆ ಹಂಚಿಹೋಗುತ್ತಿತ್ತು. ಆದರೆ ನಿರ್ದೇಶಕನಿಗೆ ಇದು ಸುಲಭದ ಕೆಲಸವಲ್ಲ. ಅಕ್ಕಿನೇನಿ ಮಾತನ್ನು ತಗ್ಗಿಸಿ ಆಡುವವರು, ಶಿವಾಜಿ ದನಿಯೇರಿಸಿ ಆಡುವವರು. ಒಬ್ಬರಿಗೆ ಕ್ಯಾಮೆರಾ ಹತ್ತಿರ ಬರಬೇಕು, ಇನ್ನೊಬ್ಬರಿಗೆ ಹಿಂದೆ ಸರಿದು ಜಾಗ ಬಿಡಬೇಕು. ಒಂದೇ ಬೆಳಕಿನಲ್ಲಿ ಇಬ್ಬರನ್ನೂ ನಿಭಾಯಿಸುವವನಿಗೆ ತನ್ನದೇ ಠೀವಿ ಎಂದು ಹೆಚ್ಚು ಇರಬಾರದು. ರಂಗ ಅವರಿಗೆ ಅದು ಇರಲಿಲ್ಲ. ಇದನ್ನು ಗುಣ ಎಂದೇ ಹೇಳುತ್ತಿದ್ದೇನೆ.

ತೆಲುಗು ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯ ಮನ್ನಣೆ ಸಿಕ್ಕಿತು. ಅದೇ ವರ್ಷ ಕನ್ನಡದಲ್ಲಿ ‘ಭಕ್ತ ಮಾರ್ಕಂಡೇಯ’. 1959ರಲ್ಲಿ ತಮಿಳಿನಲ್ಲಿ ‘ರಾಜಾ ಮಲಯಸಿಂಹನ್’. ಕನ್ನಡದಲ್ಲಿ ‘ಮಹಿಷಾಸುರ ಮರ್ದಿನಿ’, ರಾಜ್‌ಕುಮಾರ್ ಕೋಡು ಹೊತ್ತ ಅಸುರನಾಗಿ. ಖಳನನ್ನೇ ಚಿತ್ರದ ನಡುವಿಗೆ ತಂದು ನಿಲ್ಲಿಸಿ, ಅವನ ಅಹಂಕಾರವನ್ನು ಪ್ರೇಕ್ಷಕ ಆಸೆಯಿಂದ ನೋಡುವಂತೆ ಮಾಡಿದ ಚಿತ್ರ ಅದು. ಹಲವು ಭಾಷೆಗಳಿಗೆ ಡಬ್ ಆಗಿ ದೇಶ ಸುತ್ತಿತು. ಈಗ ಪ್ಯಾನ್ ಇಂಡಿಯಾ ಎಂದು ಪೋಸ್ಟರಿನಲ್ಲಿ ಬರೆದುಕೊಳ್ಳುವವರು ಈ ಹೆಸರನ್ನೊಮ್ಮೆ ನೆನೆದರೆ ನಷ್ಟವೇನಿಲ್ಲ. 1962ರಲ್ಲಿ ಮತ್ತೆ ತಮಿಳಿಗೆ ಹೋಗಿ ಶಿವಾಜಿ ಜೊತೆ ‘ನಿಚ್ಚಯ ತಾಂಬೂಲಂ’ ಎಂಬ ಸಾಂಸಾರಿಕ ಚಿತ್ರ. ಹೀಗೆ ಪುರಾಣ, ಇತಿಹಾಸ, ಸಂಸಾರ, ಸಾಹಸ, ಯಾವುದಕ್ಕೂ ಇಲ್ಲ ಎನ್ನದೆ ನಡೆದು 1964ಕ್ಕೆ ಬಂದರು.

ಬಣ್ಣದ ಚಿತ್ರ ತೆಗೆಯುವುದು ಆಗ ಹಣದ ಮಾತಷ್ಟೇ ಆಗಿರಲಿಲ್ಲ. ಕಚ್ಚಾ ಫಿಲ್ಮ್ ಹೊರದೇಶದಿಂದ ಬರಬೇಕು. ವಿದೇಶಿ ವಿನಿಮಯದ ಬಿಗಿ ಇದ್ದ ಕಾಲ. ಲೈಸೆನ್ಸು, ಕೋಟಾ ಎಂದು ಅಲೆಯಬೇಕು. ತಮಿಳರು 1956ರಲ್ಲಿ ‘ಅಲಿಬಾಬಾವುಂ ನಾರ್ಪದು ತಿರುಡರ್ಗಳುಂ’ ಮೂಲಕ ಪೂರ್ತಿ ಬಣ್ಣಕ್ಕೆ ಕಾಲಿಟ್ಟಿದ್ದರು, ತೆಲುಗರು 1963ರ ‘ಲವಕುಶ’ದಿಂದ. ಕನ್ನಡದ ಮಾರುಕಟ್ಟೆ ಇಬ್ಬರಿಗಿಂತಲೂ ಚಿಕ್ಕದು. ಬರೀ ಕನ್ನಡಕ್ಕೆಂದು ಈಸ್ಟ್‌ಮನ್ ಕಲರ್‌ನಲ್ಲಿ ಚಿತ್ರ ತೆಗೆದರೆ ಹಾಕಿದ ಬಂಡವಾಳ ವಾಪಸ್ ಬರುವುದು ಕಷ್ಟ. ರಂಗ ಇಲ್ಲಿ ತೆನಾಲಿಯ ಲೆಕ್ಕವನ್ನೇ ಮತ್ತೆ ಹೂಡಿದರು. ಈ ಬಾರಿ ನಾಯಕಿ ಒಬ್ಬಳೇ, ಶಿಲ್ಪಿಗಳು ಇಬ್ಬರು. ಎರಡೂ ಭಾಷೆಯಲ್ಲಿ ಸರೋಜಾದೇವಿಯೇ. ಕನ್ನಡದಲ್ಲಿ ಕಲ್ಯಾಣ್‌ಕುಮಾರ್ ಉಳಿ ಹಿಡಿದರು, ತೆಲುಗಿನ ‘ಅಮರಶಿಲ್ಪಿ ಜಕ್ಕನ್ನ’ದಲ್ಲಿ ಅಕ್ಕಿನೇನಿ. ಎರಡಕ್ಕೂ ಎಸ್. ರಾಜೇಶ್ವರರಾವ್ ಸಂಗೀತ. ಕಲ್ಲಿನಲ್ಲಿ ಅಡಗಿರುವ ಕಣ್ಣುಗಳನ್ನು ಕುರಿತು ಸಿ. ನಾರಾಯಣ ರೆಡ್ಡಿ ಬರೆದು ಘಂಟಸಾಲ ಹಾಡಿದ ಗೀತೆ ತೆಲುಗರಿಗೆ ಇವತ್ತಿಗೂ ಬಾಯಿಪಾಠ. ಹಳೇಬೀಡಿಗೆ ಬರುವ ಆಂಧ್ರ, ತೆಲಂಗಾಣದ ಬಸ್ಸುಗಳಲ್ಲಿ ಬೆಳ್ಳಿಗೂದಲಿನವರಿದ್ದರೆ ಒಬ್ಬರಾದರೂ ಅದನ್ನು ಗುನುಗಿಯಾರು.

ಇನ್ನು ಬೆಳಕಿನ ಸಂಗತಿ. ಆ ಕಾಲದ ಈಸ್ಟ್‌ಮನ್ ನೆಗೆಟಿವ್‌ನ ವೇಗ 50 ಎ.ಎಸ್.ಎ. ಆಸುಪಾಸು. ಇಂದಿನ ಸಿನಿಮಾ ಕ್ಯಾಮೆರಾಗಳು ಸಾಮಾನ್ಯವಾಗಿ 800ರಿಂದ ಲೆಕ್ಕ ಶುರುಮಾಡುತ್ತವೆ. ಈಗ ಸಾಕಾಗುವ ಬೆಳಕಿನ ಹದಿನಾರು ಪಟ್ಟು ಆಗ ಬೇಕಿತ್ತು ಎಂದರ್ಥ. ಅದೂ ಹೊಯ್ಸಳರ ಕಲ್ಲಿನ ಮುಂದೆ! ಬೇಲೂರಿನ ನವರಂಗಕ್ಕೆ ಹೊಕ್ಕವರಿಗೆ ಗೊತ್ತು, ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಕೆಲವು ನಿಮಿಷ ಏನೂ ಕಾಣುವುದಿಲ್ಲ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿದಾಗ ಆ ಮಂಟಪ ಸುತ್ತಲೂ ತೆರೆದಿತ್ತು. ಅವನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಕಂಬಗಳ ನಡುವೆ 28 ಜಾಲಂಧ್ರಗಳನ್ನು ಕೂರಿಸಿದರು. ನಕ್ಷತ್ರದಾಕಾರದ ತೂತುಗಳಿಂದ ಸೋಸಿ ಬರುವ ಬೆಳಕೇ ಒಳಗಿನ ಬೆಳಕು. ಕಂಬದ ತಲೆಯ ಮೇಲಿನ ಮದನಿಕೆಯ ಬೆರಳಿನ ಉಂಗುರ, ಅಲ್ಲಾಡುವ ಬಳೆ ಕಾಣಬೇಕಾದರೆ ಗೈಡಿನ ಟಾರ್ಚೇ ಗತಿ. ಹೊರಗಿನ ಗೋಡೆಯದು ಇನ್ನೊಂದು ತೊಂದರೆ. ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ, ಶತಮಾನಗಳಲ್ಲಿ ಕಪ್ಪಾಗುತ್ತದೆ. ನಡುಹಗಲಿನಲ್ಲಿ ಮೇಲಿಂದ ಬೀಳುವ ಬಿಸಿಲಿಗೆ ಶಿಲ್ಪಗಳ ಮುಖವೆಲ್ಲ ಸೂರಿನ ನೆರಳಲ್ಲಿ. ಬೆಳಗಿನ ಎರಡು ತಾಸು, ಸಂಜೆಯ ಎರಡು ತಾಸು, ಸೂರ್ಯ ಓರೆಯಾದಾಗ ಮಾತ್ರ ಮದನಿಕೆಯರಿಗೆ ಮೈ ಬರುತ್ತದೆ.

ಕಪ್ಪು-ಬಿಳುಪಿನವನಿಗೆ ಇದು ಹಬ್ಬ. ನೆರಳು ಗಾಢವಾದಷ್ಟೂ ಕಲ್ಲು ಮಾತಾಡುತ್ತದೆ. ಬಣ್ಣ ಎಂದಕೂಡಲೇ ಪೇಚು, ಯಾಕೆಂದರೆ ಕಲ್ಲಿಗೆ ಬಣ್ಣವೇ ಇಲ್ಲ. ಹಸಿರು ಛಾಯೆಯ ಬೂದು, ಅಷ್ಟೇ. ಜಕಣಾಚಾರಿಯ ಕಥೆಯನ್ನು ಬಣ್ಣದಲ್ಲಿ ತೆಗೆಯುವುದೆಂದರೆ ಬಣ್ಣವಿಲ್ಲದ ವಸ್ತುವನ್ನು ನಾಯಕನನ್ನಾಗಿಸಿಕೊಂಡು ಬಣ್ಣದ ಚಿತ್ರ ಮಾಡಿದಂತೆ. ರಂಗ ಈ ಪೇಚಿನಿಂದ ಪಾರಾದದ್ದು ಬಣ್ಣವನ್ನೆಲ್ಲ ಮನುಷ್ಯರ ಮೇಲೆ ಹಾಕಿ. ಸೀರೆ, ಹೂವು, ರೇಷ್ಮೆ, ಒಡವೆ, ಅರಿಶಿನದ ಮೈಬಣ್ಣ. ನರ್ತಕಿ ಕುಣಿಯುತ್ತಾಳೆ, ಬಣ್ಣ ಚಿಮ್ಮುತ್ತದೆ. ಅವಳು ಕಲ್ಲಿಗೆ ಇಳಿದಾಗ ಬೂದಾಗುತ್ತಾಳೆ. ಛಾಯಾಗ್ರಾಹಕನೊಬ್ಬ ನಿರ್ದೇಶಕನಾಗಿದ್ದಕ್ಕೆ ಸಿಕ್ಕ ಫಲ ಇದು ಎಂದು ನನ್ನ ಎಣಿಕೆ. ನಾಟಕದ ಮನೆಯಿಂದ ಬಂದವರಾಗಿದ್ದರೆ ಕೈ ಕತ್ತರಿಸಿಕೊಳ್ಳುವ ದೃಶ್ಯದ ಮಾತಿಗೆ ಹೆಚ್ಚು ಬೆವರು ಸುರಿಸುತ್ತಿದ್ದರೇನೋ.

ಚಿತ್ರ ಗೆದ್ದಿತು. ಆದರೆ ಬಣ್ಣ ಕನ್ನಡದಲ್ಲಿ ತಕ್ಷಣ ಬೇರೂರಲಿಲ್ಲ. ಮುಂದಿನ ವರ್ಷವೇ ರಂಗ ‘ಮಹಾಸತಿ ಅನಸೂಯ’ ಮತ್ತು ‘ಚಂದ್ರಹಾಸ’ಗಳಿಗಾಗಿ ಕಪ್ಪು-ಬಿಳುಪಿಗೆ ಮರಳಿದರು. ಪುಟ್ಟಣ್ಣ ಕಣಗಾಲ್ 1969ರಲ್ಲಿ ‘ಗೆಜ್ಜೆಪೂಜೆ’ ತೆಗೆದದ್ದೂ ಕಪ್ಪು-ಬಿಳುಪಿನಲ್ಲೇ. ‘ಬಂಗಾರದ ಮನುಷ್ಯ’, ‘ನಾಗರಹಾವು’ ಬಂದ 1972ರ ಹೊತ್ತಿಗಷ್ಟೇ ಬಣ್ಣ ದೊಡ್ಡ ಚಿತ್ರಗಳ ವಾಡಿಕೆಯಾಯಿತು. ಅಂದರೆ ಅರಸೀಕೆರೆಯಂಥ ಊರಿನ ಟೆಂಟಿನಲ್ಲಿ ನೆಲದ ಟಿಕೆಟ್ಟಿಗೆ ಕೂತವನಿಗೆ ‘ಅಮರಶಿಲ್ಪಿ’ ವರ್ಷಗಟ್ಟಲೆ ಒಂದು ಒಂಟಿ ಅದ್ಭುತವಾಗಿಯೇ ಉಳಿಯಿತು. ಆಗ ಚಿತ್ರ ಬರುವುದೆಂದರೆ ‘ಪೆಟ್ಟಿಗೆ ಬರುವುದು’. ಬೆಂಗಳೂರಿನ ಗಾಂಧಿನಗರದ ಹಂಚಿಕೆದಾರರ ಕಚೇರಿಯಿಂದ ತಗಡಿನ ಡಬ್ಬಗಳು ಹೊರಟು ಜಿಲ್ಲೆಯ ಊರುಗಳಿಗೆ ರೈಲಿನಲ್ಲೋ ಬಸ್ಸಿನಲ್ಲೋ ತಲುಪಬೇಕು. ಅರಸೀಕೆರೆ ಜಂಕ್ಷನ್ನು, ಹುಬ್ಬಳ್ಳಿಯ ಕಡೆಗೊಂದು, ಹಾಸನದ ಕಡೆಗೊಂದು ದಾರಿ ಒಡೆಯುವ ಜಾಗ. ಕೊಬ್ಬರಿ ಮೂಟೆ ಇಳಿಯುವ ಪ್ಲಾಟ್‌ಫಾರಂ. ಇದೇ ಊರಿಂದ ಜಾವಗಲ್ ಮೇಲೆ ಹಳೇಬೀಡಿಗೆ, ಅಲ್ಲಿಂದ 16 ಕಿಲೋಮೀಟರ್ ಬೇಲೂರಿಗೆ. ಆ ಸೀಮೆಯ ಜನ ತಮ್ಮ ಪಕ್ಕದೂರಿನ ಗುಡಿಯ ಕಥೆ ಮದ್ರಾಸಿಗೆ ಹೋಗಿ ಬಣ್ಣ ಹಚ್ಚಿಕೊಂಡು ಬಂದದ್ದನ್ನು ಕಂಡರು.

ಬಣ್ಣದ ಜೊತೆ ಇನ್ನೊಂದೂ ಬಂತು. ಅದರ ಬಗ್ಗೆ ನನಗೆ ತಕರಾರಿದೆ.

ಬೇಲೂರಿನ ಗುಡಿಯನ್ನು ಕಟ್ಟಿದವರು ಯಾರು ಎಂಬುದಕ್ಕೆ ಉತ್ತರ ಆ ಗುಡಿಯ ಮೇಲೇ ಬರೆದಿದೆ. ಭಾರತದ ದೇವಾಲಯಗಳಲ್ಲಿ ಶಿಲ್ಪಿಗಳ ಹೆಸರು ಸಿಗುವುದು ಅಪರೂಪ; ಹೊಯ್ಸಳರಲ್ಲಿ ಅದು ಧಾರಾಳ. ಮದನಿಕೆಯರ ಪೀಠಗಳ ಮೇಲೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಬರೀ ಹೆಸರಲ್ಲ, ಬಿರುದುಗಳು ಬೇರೆ. ಎದುರಾಳಿ ರೂವಾರಿಗಳನ್ನು ಮನ್ಮಥನಿಗೆ, ತನ್ನನ್ನು ಅವನನ್ನು ಸುಟ್ಟ ಶಿವನಿಗೆ ಹೋಲಿಸಿಕೊಂಡ ಹೆಮ್ಮೆ ಅವರದು. ಅಲ್ಲಿಯೂ ಅಪ್ಪ-ಮಗ ಇದ್ದಾರೆ, ಆದರೆ ಕೈ ಕತ್ತರಿಸಿಕೊಳ್ಳುವುದಿಲ್ಲ. ಒಂದೇ ಗುಡಿಯಲ್ಲಿ ಒಟ್ಟಿಗೆ ಕೆಲಸ ಮಾಡಿ ಸಂಬಳ ಎಣಿಸಿಕೊಂಡು ಹೋಗಿದ್ದಾರೆ. ಇನ್ನು ಮಲ್ಲಿತಮ್ಮ. 1196ರ ಅಮೃತಪುರದಿಂದ ಹದಿಮೂರನೇ ಶತಮಾನದ ನಡುವಿನ ನುಗ್ಗೇಹಳ್ಳಿ, ಸೋಮನಾಥಪುರದವರೆಗೆ ಆ ಹೆಸರು ಕಾಣಿಸುತ್ತದೆ. ಸೋಮನಾಥಪುರದಲ್ಲಿ ಸುಮಾರು 40 ವಿಗ್ರಹಗಳ ಕೆಳಗೆ ಅವನ ಸಹಿ ಇದೆ, ಕೆಲವು ಕಡೆ ಅವಸರದಲ್ಲಿ ಬರೀ ‘ಮ’. ಕಪ್ಪೆ ಚೆನ್ನಿಗರಾಯನ ಗುಡಿಯಾದರೂ ಶಾಂತಲಾದೇವಿ ಕಟ್ಟಿಸಿದ್ದು ಎಂದು ವಿಗ್ರಹದ ಪೀಠದ ಶಾಸನವೇ ಹೇಳುತ್ತದೆ. ಬಿ.ಎಲ್. ರೈಸ್ ಇವನ್ನು ಶಾಸನಗಳ ಹಾಸನ ಸಂಪುಟದಲ್ಲಿ 1902ರಲ್ಲೇ ಅಚ್ಚುಹಾಕಿದ್ದರು. ಆರ್. ನರಸಿಂಹಾಚಾರ್ಯರು 1919ರಲ್ಲಿ ಬೇಲೂರಿನ ಮೇಲೆಯೇ ಪ್ರತ್ಯೇಕ ಪುಸ್ತಕ ತಂದರು. ಬೇಲೂರಿನ ಈ ಸಹಿಗಳ ಸಾಲಿನಲ್ಲಿ ಜಕಣಾಚಾರಿ ಇಲ್ಲ.

ಇಷ್ಟೆಲ್ಲ ಹೆಸರುಗಳು ಕಲ್ಲಿನ ಮೇಲೆ ಇದ್ದೂ ಜನ ಒಬ್ಬನನ್ನೇ ಬಯಸಿದರು. ಸಿನಿಮಾ ಆ ಬಯಕೆಗೆ ಮೊಹರು ಒತ್ತಿತು. ಇವತ್ತು ಜನವರಿ 1ರಂದು ರಾಜ್ಯ ಸರ್ಕಾರ ಆಚರಿಸುವ ದಿನದ ಹೆಸರು ‘ಅಮರಶಿಲ್ಪಿ ಜಕಣಾಚಾರಿ ಸಂಸ್ಮರಣಾ ದಿನ’. ಶಿಲ್ಪಿಗಳಿಗೆ ಕೊಡುವ ರಾಜ್ಯ ಪ್ರಶಸ್ತಿಯೂ ಜಕಣಾಚಾರಿ ಪ್ರಶಸ್ತಿ. ದಾಸೋಜನ ಹೆಸರಿನ ಒಂದು ವೃತ್ತವನ್ನು ನಾನು ಎಲ್ಲಿಯೂ ಕಂಡಿಲ್ಲ. ದಂತಕಥೆ ಬೇಡ ಎನ್ನುತ್ತಿಲ್ಲ. ಕೈದಾಳದಲ್ಲಿ ಶಿಲ್ಪಿಗೆ ಕೈ ಮರಳಿ ಬಂತು ಎಂಬ ಕಥೆ ನನಗೂ ಇಷ್ಟ. ಆದರೆ ನೂರು ಕೈಗಳ ಕೆಲಸವನ್ನು ಕತ್ತರಿಸಿದ ಒಂದು ಕೈಯ ಲೆಕ್ಕಕ್ಕೆ ಬರೆಯುವಾಗ ದಾಸೋಜ, ಚಾವಣರಿಗೆ ಏನಾಯಿತು ಎಂದು ಒಂದು ಮಾತಾದರೂ ಕೇಳಬೇಕು.

ಈ ಕಥೆಯನ್ನು ತೆರೆಗೆ ತಂದವರು ರಂಗ ಎಂಬುದೇ ಇದರಲ್ಲಿನ ತಮಾಷೆ. ಅವರಷ್ಟು ಚೆನ್ನಾಗಿ ಬಲ್ಲವರು ಯಾರಿದ್ದರು, ಕಲೆ ಎಂಬುದು ಬಹಳ ಕೈಗಳ ಕೆಲಸ ಎಂದು? ಸ್ವತಃ ಸ್ಟುಡಿಯೊ ನಡೆಸಿದವರು. ಬಡಗಿಯಿಂದ ಹಿಡಿದು ಲ್ಯಾಬಿನ ರಸಾಯನದ ತೊಟ್ಟಿ ತೊಳೆಯುವವನವರೆಗೆ ವಾರದ ಬಟವಾಡೆ ಕೊಟ್ಟವರು. ವಿಕ್ರಂ ಸ್ಟುಡಿಯೊ ಎಂಬುದೇ ಒಂದು ಹೊಯ್ಸಳ ಶಿಲ್ಪಿಗಳ ತಂಡದಂತೆ: ಊರೂರಿನಿಂದ ಬಂದ ಪರಿಣತರು, ಆಜ್ಞೆ ಕೊಟ್ಟವರ ಭಾಷೆಗೆ ತಕ್ಕ ಕೆಲಸ. ಆ ಜಾಗದಿಂದ ಏಕಾಂಗಿ ಮಹಾಶಿಲ್ಪಿಯ ಕಥೆ ಹೊರಟಿತು.

ರಂಗ ಅವರಿಗೆ ಆದದ್ದು ಕನ್ನಡಕ್ಕೆ ಮಾತ್ರ ಸೀಮಿತವೂ ಅಲ್ಲ. ಇಂಗ್ಲೆಂಡಿನ ಜ್ಯಾಕ್ ಕಾರ್ಡಿಫ್ ಅವರ ಬದುಕು ಇಲ್ಲಿ ನೆನಪಾಗುತ್ತದೆ. 1914ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡವರು, ಹೆಚ್ಚುಕಡಿಮೆ ರಂಗ ಅವರ ವಾರಗೆಯವರೇ. ಟೆಕ್ನಿಕಲರ್ ಕ್ಯಾಮೆರಾ ಎಂಬ ಭಾರಿ ಪೆಟ್ಟಿಗೆಯನ್ನು 1930ರ ದಶಕದ ಕೊನೆಯಲ್ಲಿ ಭಾರತಕ್ಕೇ ಹೊತ್ತು ತಂದು ಪ್ರವಾಸದ ಕಿರುಚಿತ್ರಗಳನ್ನು ತೆಗೆದರು. ‘ಬ್ಲ್ಯಾಕ್ ನಾರ್ಸಿಸಸ್’ (1947) ಎಂಬ ಹಿಮಾಲಯದ ಕಥೆಯನ್ನು ಇಂಗ್ಲೆಂಡಿನ ಸ್ಟುಡಿಯೊದಲ್ಲೇ ಬೆಳಕಿನಿಂದ ಕಟ್ಟಿ ಆಸ್ಕರ್ ಗೆದ್ದರು. ಆಮೇಲೆ ನಿರ್ದೇಶಕರಾಗಿ ‘ಸನ್ಸ್ ಅಂಡ್ ಲವರ್ಸ್’ (1960) ತೆಗೆದರು, ಅದಕ್ಕೂ ಆಸ್ಕರ್ ನಾಮನಿರ್ದೇಶನ. ನಂತರ ಸಾಹಸ, ಭಯಾನಕ, ಪ್ರಣಯ ಎಂದು ಸಿಕ್ಕಿದ್ದನ್ನೆಲ್ಲ ತೆಗೆದು, ಕೊನೆಗೆ ಕ್ಯಾಮೆರಾಕ್ಕೆ ಮರಳಿ 1985ರ ‘ರ‍್ಯಾಂಬೊ’ ಚಿತ್ರಕ್ಕೂ ಬೆಳಕು ಹಿಡಿದರು. ಅವರನ್ನು ಛಾಯಾಗ್ರಾಹಕ ಎಂದು ಜಗತ್ತು ಹೊಗಳುತ್ತದೆ. ನಿರ್ದೇಶಕ ಎಂದು ಹೇಳುವಾಗ ಮಾತು ತಡವರಿಸುತ್ತದೆ. ಬುಡಾಪೆಸ್ಟ್‌ನಿಂದ ಹಾಲಿವುಡ್‌ಗೆ ಹೋದ ಮೈಕೆಲ್ ಕರ್ಟಿಜ್ ಅವರದೂ ಅದೇ ಪಾಡು. ‘ರಾಬಿನ್ ಹುಡ್’ ಅವರದು, ‘ಕಾಸಾಬ್ಲಾಂಕಾ’ ಅವರದು, ‘ಮಿಲ್ಡ್ರೆಡ್ ಪಿಯರ್ಸ್’ ಅವರದು. ಎಲ್ಲವನ್ನೂ ಮಾಡಬಲ್ಲವನ ಸ್ವಂತದ್ದು ಯಾವುದು ಎಂದು ವಿಮರ್ಶಕರು ದಶಕಗಟ್ಟಲೆ ಕೇಳಿದರು.

ನಿರ್ದೇಶಕನೇ ಚಿತ್ರದ ಕರ್ತೃ, ಪ್ರತಿ ಚಿತ್ರದಲ್ಲೂ ಅವನ ಛಾಪು ಇರಬೇಕು ಎಂಬ ಮಾತು 1950ರ ದಶಕದಲ್ಲಿ ಫ್ರೆಂಚ್ ವಿಮರ್ಶಕರಿಂದ ಬಂತು. ಕನ್ನಡಕ್ಕೆ ಅದು ಸಿದ್ಧಾಂತವಾಗಿ ಬರುವ ಮೊದಲೇ ಪುಟ್ಟಣ್ಣ ಅವರ ರೂಪದಲ್ಲಿ ಬಂದಿಳಿಯಿತು. ಚಿತ್ರದುರ್ಗದ ಕೋಟೆ ಹತ್ತುವವರು ಇವತ್ತಿಗೂ ಒನಕೆ ಓಬವ್ವನ ಕಿಂಡಿಯಲ್ಲಿ ‘ನಾಗರಹಾವು’ ಚಿತ್ರದ ಜಯಂತಿಯನ್ನು ನೆನೆಯುತ್ತಾರೆ, ಅದರ ಹಿಂದೆಯೇ ಪುಟ್ಟಣ್ಣನನ್ನೂ ನೆನೆಯುತ್ತಾರೆ. ಬೇಲೂರಿನಲ್ಲಿ ಕಲ್ಯಾಣ್‌ಕುಮಾರ್ ನೆನಪಾಗುತ್ತಾರೆ, ಅಲ್ಲಿಗೆ ನಿಂತುಹೋಗುತ್ತದೆ. ರಂಗ ತಮ್ಮ ಚಿತ್ರಗಳಲ್ಲಿ ತಮ್ಮನ್ನು ಕಾಣಿಸಿಕೊಳ್ಳಲಿಲ್ಲ.

ಅವರ ಎಲ್ಲ ಚಿತ್ರಗಳೂ ಚಿನ್ನ ಎಂದು ವಾದಿಸಲು ನಾನಿಲ್ಲಿ ಕೂತಿಲ್ಲ. ಪೌರಾಣಿಕಗಳಲ್ಲಿ ಕ್ಯಾಮೆರಾ ನಾಟಕದ ಮೊದಲ ಸಾಲಿನ ಕುರ್ಚಿಯಿಂದ ಎದ್ದೇಳದ ಕ್ಷಣಗಳು ಬೇಕಾದಷ್ಟಿವೆ. ‘ಪಾರ್ವತಿ ಕಲ್ಯಾಣ’ (1967) ತೆಗೆದವರೇ ಮೂರು ವರ್ಷ ಕಳೆದು ‘ಮಿಸ್ಟರ್ ರಾಜ್‌ಕುಮಾರ್’ ತೆಗೆದರು ಎಂಬುದು ಹುರುಪಿನ ಗುರುತೂ ಹೌದು, ಮಾರುಕಟ್ಟೆ ಎಳೆದತ್ತ ಹೋಗುವ ಹೆಣಗಾಟದ ಗುರುತೂ ಹೌದು. 1982ರಲ್ಲಿ ಮತ್ತೆ ತೆನಾಲಿಯ ಹತ್ತಿರ ಹೋಗಿ, ಅನಂತನಾಗ್ ಅವರನ್ನು ಹಾಕಿಕೊಂಡು ‘ಹಾಸ್ಯರತ್ನ ರಾಮಕೃಷ್ಣ’ ಮಾಡಿದರು. ಒಂದೇ ಕಥೆಯನ್ನು ಮೂರು ಭಾಷೆಗಳಲ್ಲಿ, ಅಕ್ಕಿನೇನಿ, ಶಿವಾಜಿ, ಅನಂತನಾಗ್ ಎಂಬ ಮೂವರು ಬೇರೆಬೇರೆ ಬಗೆಯ ನಟರ ಕೈಲಿ ಮಾಡಿಸಿದ ನಿರ್ದೇಶಕ ದಕ್ಷಿಣದಲ್ಲಿ ಇನ್ನೊಬ್ಬರಿದ್ದಾರೆಯೇ? ಮೂರನ್ನೂ ಸಾಲಾಗಿಟ್ಟು ನೋಡಿದರೆ ಭಾಷೆಯೊಂದಿಗೆ ಹಾಸ್ಯ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ನಮ್ಮ ಸಿನಿಮಾ ಕೋರ್ಸುಗಳು ಇದನ್ನು ಕೈಗೆತ್ತಿಕೊಂಡರೆ ಚೆನ್ನ.

ರಂಗ ಬಿಟ್ಟುಹೋದ ಆಸ್ತಿಯಲ್ಲಿ ನನ್ನ ಕಣ್ಣಿಗೆ ದೊಡ್ಡದಾಗಿ ಕಾಣುವುದು ಚಿತ್ರವಲ್ಲ, ಒಂದು ಲ್ಯಾಬು. ಕನ್ನಡ ಚಿತ್ರಗಳು ಮದ್ರಾಸನ್ನು ಬಿಟ್ಟು ಬೆಂಗಳೂರಿಗೆ ಬರಬೇಕು ಎಂಬ ಕೂಗು 1960ರ ದಶಕದಲ್ಲೇ ಎದ್ದಿತ್ತು. ಸರ್ಕಾರ ಸಹಾಯಧನ ಕೊಟ್ಟಿತು, ಕಂಠೀರವ, ಚಾಮುಂಡೇಶ್ವರಿ ಸ್ಟುಡಿಯೊಗಳು ತಲೆಯೆತ್ತಿದವು. ಆದರೂ ಬಣ್ಣದ ನೆಗೆಟಿವ್ ತೊಳೆಯಬೇಕಾದರೆ ಮತ್ತೆ ಮದ್ರಾಸಿನ ರೈಲು ಹತ್ತಬೇಕಿತ್ತು. ಹಗಲು ತೆಗೆದದ್ದು ಸರಿ ಬಂದಿದೆಯೇ ಎಂದು ತಿಳಿಯಲು ದಿನಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಸೆಟ್ ಬಿದ್ದುಹೋಗಿರುತ್ತಿತ್ತು, ನಟ ಬೇರೆ ಊರಿಗೆ ಹೋಗಿರುತ್ತಿದ್ದ. ರಂಗ ಬೆಂಗಳೂರಿನಲ್ಲಿ ವಸಂತ್ ಕಲರ್ ಲ್ಯಾಬ್ ತೆರೆದದ್ದು ಈ ಕೊರತೆಗೆ ಮದ್ದಾಯಿತು. ‘ರಶ್ ಪ್ರಿಂಟ್’ ಊರಲ್ಲೇ ನೋಡಬಹುದಾಯಿತು. ಕಡಿಮೆ ಬಂಡವಾಳದ ನಿರ್ಮಾಪಕನಿಗೂ ಬಣ್ಣ ಎಟುಕಿತು. ಎಷ್ಟೋ ಕನ್ನಡ ಚಿತ್ರಗಳ ಆರಂಭದ ಪಟ್ಟಿಯಲ್ಲಿ ‘ಸಂಸ್ಕರಣ: ವಸಂತ್ ಕಲರ್ ಲ್ಯಾಬೊರೇಟರೀಸ್’ ಎಂಬ ಸಾಲನ್ನು ನಾವೆಲ್ಲ ಕಂಡಿದ್ದೇವೆ, ಓದದೆ ಬಿಟ್ಟಿದ್ದೇವೆ. ಮೈಸೂರಿನ ವಿ.ಕೆ. ಮೂರ್ತಿ ಬೊಂಬಾಯಿಯಲ್ಲಿ ಗುರುದತ್ತರಿಗೆ ಬೆಳಕು ಹಿಡಿದು ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರಾದರು. ಕನ್ನಡಿಗರಿಗೆ ಅವರ ಹೆಸರು ಗೊತ್ತು. ಇತ್ತ ಕನ್ನಡದ ಮನೆಯೊಳಗೇ ದೀಪ ಹಚ್ಚಿದವರ ಹೆಸರು ಪಟ್ಟಿಯ ಸಣ್ಣಕ್ಷರದಲ್ಲಿ ಓಡಿಹೋಯಿತು. ರಂಗ ತೊಂಬತ್ತು ದಾಟಿ ಬದುಕಿದ್ದು 2010ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅದಾಗಿ ಕೆಲವೇ ವರ್ಷಗಳಲ್ಲಿ ಚಿತ್ರಮಂದಿರಗಳು ಡಿಜಿಟಲ್ ಆದವು, ಫಿಲ್ಮ್ ಲ್ಯಾಬುಗಳು ಒಂದೊಂದಾಗಿ ಬಾಗಿಲು ಹಾಕಿದವು.

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅರಸೀಕೆರೆಯ ಶಿವಾಲಯ ಆ ಪಟ್ಟಿಯಲ್ಲಿಲ್ಲ. ಅದನ್ನು ನೋಡದೆ ಹೋಗುವವರೇ ಹೆಚ್ಚು. ಸುಮಾರು 1220ರ ಆ ಗುಡಿಯ ಮುಂದಿನ ಮಂಟಪ ಹದಿನಾರು ಮೂಲೆಗಳ ನಕ್ಷತ್ರ, ಗೋಡೆಯಿಲ್ಲದೆ ಎಲ್ಲ ಕಡೆಗೂ ತೆರೆದದ್ದು, ಮೇಲೆ ಗುಮ್ಮಟದಂಥ ಮಾಡು. ಬೇಲೂರಿನ ನವರಂಗ ಜಾಲಂಧ್ರ ಕೂರುವ ಮೊದಲು ಎಷ್ಟು ಬೆಳಕಿನದಾಗಿತ್ತು ಎಂದು ಊಹಿಸಬೇಕಾದರೆ ಇಲ್ಲಿ ನಿಲ್ಲಬೇಕು. ಕ್ಯಾಮೆರಾ ಹಿಡಿದವನಿಗೆ ಬೇಕಾದ ಬೆಳಕು ಇಲ್ಲಿ ಪುಕ್ಕಟೆ.

ಕಲ್ಲು ಪಟ್ಟಿ ಸೇರಿ ಕಾಪಾಡಿಕೊಂಡಿತು. ಕಲ್ಲನ್ನು ಬಣ್ಣದಲ್ಲಿ ತೋರಿಸಿದ ಫಿಲ್ಮಿಗೆ ಅಂಥ ಭಾಗ್ಯವಿಲ್ಲ. ಕಪ್ಪು-ಬಿಳುಪಿನ ಚಿತ್ರದಲ್ಲಿ ಬಿಂಬವಾಗಿ ನಿಲ್ಲುವುದು ಬೆಳ್ಳಿ. ಒಳ್ಳೆಯ ಗೂಡಿನಲ್ಲಿಟ್ಟರೆ ನೂರು ವರ್ಷ ಬಾಳುತ್ತದೆ. ಈಸ್ಟ್‌ಮನ್ ಕಲರ್‌ನಲ್ಲಿ ನಿಲ್ಲುವುದು ಮೂರು ಬಣ್ಣಗಳ ರಸಾಯನ, ಹಳದಿ, ಕೆನ್ನೇರಳೆ, ನೀಲಿಹಸಿರು. 1960ರ ದಶಕದ ಪ್ರಿಂಟುಗಳಲ್ಲಿ ನೀಲಿಹಸಿರು ಮೊದಲು ಸೋರಿಹೋಗುತ್ತದೆ. ಉಳಿಯುವುದು ಗುಲಾಬಿಗೆಂಪು. ಆಕಾಶ ಗುಲಾಬಿ, ಸೀರೆ ಗುಲಾಬಿ, ಕಲ್ಲೂ ಗುಲಾಬಿ. ಹೀಗಾಗಿ ‘ತೆನಾಲಿ ರಾಮಕೃಷ್ಣ’ಕ್ಕಿಂತ ಎಂಟು ವರ್ಷ ಚಿಕ್ಕದಾದ ‘ಅಮರಶಿಲ್ಪಿ’ಯೇ ಹೆಚ್ಚು ಬೇಗ ಮುದಿಯಾಗುವ ಚಿತ್ರ. ಯೂಟ್ಯೂಬಿನಲ್ಲಿ ಅದರ ಹಾಡುಗಳನ್ನು ನೋಡಿ ಬಣ್ಣ ಹೀಗೇ ಇತ್ತು ಎಂದು ಈಗಿನ ಮಕ್ಕಳು ತಿಳಿದರೆ ರಂಗ ಅವರಿಗೆ ಅನ್ಯಾಯ.

ಇದಕ್ಕೆ ದಾರಿ ಇಲ್ಲದೆ ಇಲ್ಲ. ಸಿಗುವ ಅತ್ಯುತ್ತಮ ಪ್ರತಿಯನ್ನು ಹೆಚ್ಚಿನ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿ, ಕಳೆದುಹೋದ ಬಣ್ಣವನ್ನು ಕಂಪ್ಯೂಟರಿನಲ್ಲಿ ಮರಳಿ ತುಂಬುವುದು ಈಗ ದೇಶದಲ್ಲೇ ನಡೆಯುವ ಕೆಲಸ. ಮೊದಲ ಬಣ್ಣದ ಚಿತ್ರ ಎಂಬ ಒಂದೇ ಕಾರಣಕ್ಕೆ ಕರ್ನಾಟಕ ಚಲನಚಿತ್ರ ಅಕಾಡೆಮಿ ಇದಕ್ಕೆ ಕೈಹಾಕಬಹುದು. ಇಂಥ ಕೆಲಸದಲ್ಲಿ ತಂತ್ರಜ್ಞರನ್ನು ಸತಾಯಿಸುವ ಪ್ರಶ್ನೆ ಮೂಲದ ಬಣ್ಣ ಎಷ್ಟಿತ್ತು ಎಂಬುದು. ಸರೋಜಾದೇವಿಯವರ ಸೀರೆ ಯಾವ ಹಸಿರೆಂದು ಹೇಳಲು ಅವರೂ ಈಗಿಲ್ಲ. 2025ರ ಜುಲೈನಲ್ಲಿ ತೀರಿಕೊಂಡರು. ಸೆಟ್ಟು, ಒಡವೆ, ದೀಪ ಯಾವುದೂ ಉಳಿದಿಲ್ಲ. ಆದರೆ ಈ ಚಿತ್ರಕ್ಕೆ ಹೋಲಿಸಿ ನೋಡಲು ಒಂದು ಅಳತೆಗೋಲು ಉಳಿದಿದೆ, ಅದೂ ಎಕರೆಗಟ್ಟಲೆ. ಬೆಳಗಿನ ಎಂಟು ಗಂಟೆಯ ಓರೆ ಬಿಸಿಲಿನಲ್ಲಿ ಹಳೇಬೀಡಿನ ಗೋಡೆಯ ಒಂದು ಫೋಟೊ ಸರಿಯಾಗಿ ತೆಗೆದು ತಂದು ಪರದೆಯ ಪಕ್ಕದಲ್ಲಿಟ್ಟುಕೊಂಡರೆ, ಗುಲಾಬಿಯಿಂದ ಆ ಹಸಿರು ಬೂದಿಗೆ ಎಷ್ಟು ದೂರ ಹಿಂದಿರುಗಬೇಕೆಂದು ಗೊತ್ತಾಗುತ್ತದೆ. ಕಲ್ಲು ಸರಿಹೋದರೆ ಸೀರೆಯೂ ತನ್ನ ಬಣ್ಣಕ್ಕೆ ಬರುತ್ತದೆ.